ಸೊನ್ನೆ ಅಥವಾ ಮೂರು

ರಾಯದುರ್ಗ
9 ಜೂನ್ 2024

ನನ್ನ ಮುದ್ದಿನ ಅಪ್ಪಾ,

ಮೊದಲೇ ಹೇಳಿಬಿಡುತ್ತೇನೆ, ಕಾಗುಣಿತ ತಪ್ಪಿದ್ದರೆ ಕೆಂಪು ಇಂಕಿನಲ್ಲಿ ಗೆರೆ ಎಳೆದು ವಾಪಸ್ ಕಳಿಸಬೇಡ. ಹಿಂದೂಪುರದ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದ್ದು ನೀನೇ! ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಲೇ ಇರುತ್ತೇನೆ, ನಿನಗೆ ಮಾತ್ರ ಕಾಗದವೇ ಆಗಬೇಕು. ಎಲೆಯಾಟದ ಮಾತು ಫೋನಿನಲ್ಲಿ ಆಗುವುದಿಲ್ಲ, ಬರೆದು ಕಳಿಸಿದರೆ ಮಂಚದ ಮೇಲೆ ಎಲೆ ಹರಡಿಕೊಂಡು ನೋಡಬಹುದು ಅನ್ನುತ್ತೀಯ. ಹಾಸ್ಟೆಲ್ಲಿನ ಕಾಲದ ಈ ಅಭ್ಯಾಸವನ್ನು ಮದುವೆಯಾದ ಮೇಲೂ ನೀನು ಬಿಡಿಸಲಿಲ್ಲ. ಇದನ್ನು ಅಮ್ಮನಿಗೂ ಓದಿ ಹೇಳು. ಬ್ರಿಡ್ಜ್ ಬಾರದ ಅವಳಿಗೂ ಅರ್ಥವಾಗುವಂತೆ ಬರೆಯುತ್ತೇನೆ.

ಅಪ್ಪಾ, ನಾನು ತುಂಬಾ ತುಂಬಾ ಖುಷಿಯಾಗಿದ್ದೇನೆ! ಮನೆಯ ಹಿಂದಿನ ಶೆಡ್ಡಿನಲ್ಲಿ ಸಿದ್ದರಾಮೇಶ್ ಅವರ ಹೊಲಿಗೆ ಮಷೀನುಗಳು ಬೆಳಗಾದರೆ ಗುರ್ ಅನ್ನಲು ಶುರು. ರಾಯದುರ್ಗದ ಜೀನ್ಸ್ ಪ್ಯಾಂಟಿನ ನೀಲಿ ನೂಲು ನನ್ನ ಕೂದಲಲ್ಲಿ, ದಿಂಬಿನಲ್ಲಿ, ಒಂದು ಸಲ ಸಾರಿನಲ್ಲೂ ಸಿಕ್ಕಿತು. ಇವರು ಅದನ್ನು ಬೆರಳಿಗೆ ಸುತ್ತಿಕೊಂಡು "ನಮ್ಮ ಮನಿ ಮಸಾಲಿ ಇದು" ಅಂದರು. ನಾನು ನಕ್ಕ ನಗೆ ಬೀದಿಗೆ ಕೇಳಿಸಿತಂತೆ. ಹೊಸ ಸೊಸೆ ಹಾಗೆ ನಗಬಾರದು ಎಂದು ಆಮೇಲೆ ಹೊಳೆಯಿತು, ನಾಚಿಕೆಯಾಯಿತು.

ಈಗ ದೊಡ್ಡ ಸುದ್ದಿ. ನಮ್ಮ ಮಾವ ಬ್ರಿಡ್ಜ್ ಆಡುತ್ತಾರೆ! ಒಂದು ಸಂಜೆ ಜಗುಲಿಯ ಮೇಲೆ ಒಬ್ಬರೇ ಎಲೆ ಹರಡಿಕೊಂಡು ಕೂತಿದ್ದರು. ಟೀ ಕೊಡಲು ಹೋದವಳು ಅವರ ಹೆಗಲ ಮೇಲಿಂದ ಬಗ್ಗಿ "ಮಾವ, ಮೊದಲು ಡೈಮಂಡ್ ರಾಣಿ ಹಾಕಿ" ಎಂದು ನಾಲಿಗೆ ಕಚ್ಚಿಕೊಂಡೆ. ಅವರು ನಿಧಾನವಾಗಿ ತಿರುಗಿ, "ಯಾರು ಕಲಿಸಿದ್ರವ್ವ ನಿನಗ?" ಅಂದರು. ನೀನು ರೇಷ್ಮೆ ಇಲಾಖೆಯಲ್ಲಿದ್ದಾಗ ಹಿಂದೂಪುರದ ಆಫೀಸರುಗಳಿಂದ ಕಲಿತು ನನಗೆ ಕಲಿಸಿದ್ದನ್ನೆಲ್ಲ ಹೇಳಿದೆ. ಒಳಗಿನಿಂದ ಅಂಬಮ್ಮತ್ತೆ, "ಮಡಕಶಿರದಾಕಿ ಹುಣಸೆಹಣ್ಣು ತರ್ತಾಳ, ರೇಷ್ಮಿ ಸೀರಿ ತರ್ತಾಳ ಅಂದ್ಕಂಡಿದ್ದೆ. ಇಸ್ಪೀಟ್ ಎಲಿ ತಂದಾಳ ನೋಡು!" ಅಂದರು. ಆದರೆ ನಗುತ್ತಲೇ ಅಂದರು.

ಮಾವನ ಹಳೆಯ ಜೋಡಿ ಒಬ್ಬ ಡಾಕ್ಟರು. ಕಣ್ಣು ಮಂಜಾಗಿ ಆಟ ಬಿಟ್ಟಿದ್ದಾರೆ. ಆ ಜಾಗಕ್ಕೆ ಮಾವ ನನ್ನನ್ನೇ ಕರೆದುಕೊಂಡು ಹೋಗಲು ನಿರ್ಧರಿಸಿದರು. ಬೆಟ್ಟದ ಕೆಳಗಿನ ಟೌನ್ ಕ್ಲಬ್ಬಿನಲ್ಲಿ ಇದುವರೆಗೆ ಹೆಂಗಸರು ಆಡಿದ್ದೇ ಇಲ್ಲ. ಸೆಕ್ರೆಟರಿ ತಿಪ್ಪೇಶಪ್ಪನವರು, "ಸಣ್ಣಬಸಪ್ಪಣ್ಣ, ಸೊಸಿ ಮಾವನ ಎದುರಿಗೆ ಕುಂತು ಮಾತಾಡೋದು ಚಂದ ಕಾಣತೈತೇನ್ರಿ?" ಎಂದು ಕೇಳಿದರಂತೆ. ಅದಕ್ಕೆ ಮಾವ, "ಬ್ರಿಡ್ಜ್‌ನಾಗ ಮಾತು ಎಲ್ಲೈತಿ? ಬಿಡ್ ಹೇಳೋದು, ಎಲಿ ಹಾಕೋದು, ಅಷ್ಟ. ಮಾತಾಡದ ಸೊಸಿ ಸಿಗ್ಲಿ ಅಂತ ಊರ ಮಂದಿ ಹರಕಿ ಹೊರ್ತಾರ, ನನಗ ಸಿಕ್ಕಾಳ" ಅಂದರಂತೆ! ಆದರೂ ಎಷ್ಟೋ ಜನರ ಜೊತೆ ಜಗಳವಾಡಿದ ಮೇಲೆಯೇ ನನಗೆ ಕುರ್ಚಿ ಸಿಕ್ಕಿದ್ದು. ಮೊದಲ ದಿನವೇ ಒಂದು ಕೈ ಗೆದ್ದ ಖುಷಿಗೆ ನಾನು ಮೇಜು ಬಡಿದು "ವೆಲ್ ಡನ್ ಪಾರ್ಟ್ನರ್!" ಅಂದುಬಿಟ್ಟೆ. ಮಾವನಿಗೆ! ಮೇಜಿನ ಕೆಳಗೆ ಹೋಗಿ ಕೂರೋಣ ಅನ್ನಿಸಿತು.

ಈಗ ನಾನು ಅವರಿಗೆ ಸ್ಲ್ಯಾಮ್ ಹೇಳುವ ನಮ್ಮ ಪದ್ಧತಿ ಕಲಿಸುತ್ತಿದ್ದೇನೆ. (ಅಮ್ಮಾ, ಹದಿಮೂರು ಟ್ರಿಕ್‌ಗಳಲ್ಲಿ ಹನ್ನೆರಡು ಗೆಲ್ಲುತ್ತೇವೆ ಎಂದು ಆಟಕ್ಕೆ ಮೊದಲೇ ಹೇಳಿ ಗೆಲ್ಲುವುದಕ್ಕೆ ಸ್ಲ್ಯಾಮ್ ಅನ್ನುತ್ತಾರೆ. ಹಾಗೆ ಮೊದಲೇ ಕೂಗುವ ಪಣವೇ ಬಿಡ್. ಜೋಡಿಯ ಕೈಯಲ್ಲಿ ಏನಿದೆ ಎಂದು ಕಾಣುವುದಿಲ್ಲ. ಅದಕ್ಕೇ "ನಾಲ್ಕು ನೋ ಟ್ರಂಪ್" ಅಂದರೆ "ನಿನ್ನ ಹತ್ತಿರ ಎಷ್ಟು ಎಕ್ಕ ಇವೆ?" ಎಂಬ ಪ್ರಶ್ನೆ. ತುರುಫಿನ ರಾಜನನ್ನೂ ಎಕ್ಕವೆಂದೇ ಎಣಿಸುತ್ತೇವೆ, ಒಟ್ಟು ಐದು.) "ಐದು ಕಳಾವರ್" ಎಂದು ಉತ್ತರ ಬಂದರೆ ಸೊನ್ನೆ ಅಥವಾ ಮೂರು. "ಐದು ಡೈಮಂಡ್" ಅಂದರೆ ಒಂದು ಅಥವಾ ನಾಲ್ಕು. ಬೆಂಗಳೂರಿನ ಕಾಲೇಜಿನಲ್ಲಿ ಇದನ್ನೇ ತಿರುಗಿಸಿ ಆಡುತ್ತಿದ್ದರು, ನಾನೂ ಅಲ್ಲಿ ಹಾಗೆಯೇ ಆಡಿದೆ. ಆದರೆ ಮಾವನಿಗೆ ನಿನ್ನದೇ ಪದ್ಧತಿ ಹೇಳಿಕೊಟ್ಟೆ. ತವರಿನಿಂದ ತಂದದ್ದು ಅಂತ ಒಂದಾದರೂ ಇರಲಿ! ತಮ್ಮ ಬಟ್ಟೆ ಅಂಗಡಿಯಲ್ಲಿ ಅಳೆಯುವಾಗಲೂ ಮಾವ "ಕಳಾವರ್, ಸೊನ್ನೆ ಇಲ್ಲಾ ಮೂರು" ಎಂದು ಬಾಯಿಪಾಠ ಮಾಡುತ್ತಾರೆ.

ಕುಣಿಯುತ್ತಿರುವ
ನಿನ್ನ ಹೇಮ


ಮಡಕಶಿರ
20 ಜೂನ್ 2024

ಮಗಳೇ ಹೇಮಾ,

ಕಾಗದ ಓದಿ ಅಮ್ಮನಿಗೂ ಕೇಳಿಸಿದೆ. ಕೊನೆಯವರೆಗೆ ಕೇಳಿ, "ಕ್ಲಬ್ಬಿಗೆ ಹೋಗ್ವಾಗ ತಲೆಗೆ ಹೂ ಮುಡ್ಕೊಂಡು ಹೋಗ್ತಾಳಂತಾ?" ಎಂದು ಒಂದೇ ಪ್ರಶ್ನೆ ಕೇಳಿದಳು. ಉತ್ತರ ಬರಿ.

ಬೀಗರು ದೊಡ್ಡ ಮನುಷ್ಯರು. ಆ ವಯಸ್ಸಿನಲ್ಲಿ ಸೊಸೆಯಿಂದ ಹೊಸದನ್ನು ಕಲಿಯಲು ಕೂರುವುದು ಸುಲಭವಲ್ಲ. ನಿನ್ನಿಂದ ಫೋನಿನಲ್ಲಿ ಫೋಟೋ ಕಳಿಸುವುದನ್ನು ಕಲಿಯಲು ನಾನೇ ಒಪ್ಪಿರಲಿಲ್ಲ.

ಒಂದು ಮಾತು. ನಾಲ್ಕು ನೋ ಟ್ರಂಪ್ ಎಂದು ಕೇಳುವುದಕ್ಕೆ ಮೊದಲೇ ಯಾವ ಉತ್ತರ ಬಂದರೆ ಎಲ್ಲಿ ನಿಲ್ಲಬೇಕು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊ. ಕೇಳಿದ ಮೇಲೆ ಯೋಚಿಸಿದರೆ ಬೇಕಾದದ್ದೇ ಕಿವಿಗೆ ಬೀಳುತ್ತದೆ. ಸ್ಲ್ಯಾಮಿನ ಆಸೆ ನಿನಗೆ ಚಿಕ್ಕಂದಿನಿಂದ ಹೆಚ್ಚು.

ಇಲ್ಲಿ ಮಳೆ ಎರಡು ಹದ ಆಗಿದೆ. ಕಡಲೆಕಾಯಿ ಬಿತ್ತಿದ್ದಾರೆ. ಹಿಪ್ಪುನೇರಳೆ ಸೊಪ್ಪು ಚೆನ್ನಾಗಿ ಚಿಗುರಿದೆ.

ನಿನ್ನ ಮುಂದಿನ ಕೈಗೆ ಮಂಚ ಖಾಲಿ ಇಟ್ಟಿರುವ
ಅಪ್ಪ


ರಾಯದುರ್ಗ
20 ಆಗಸ್ಟ್ 2024

ಅಪ್ಪಾ, ಮುದ್ದು ಅಪ್ಪಾ,

ಅಮ್ಮನಿಗೆ ಹೇಳು, ಹೂ ಮುಡಿದುಕೊಂಡೇ ಹೋಗಿದ್ದೆ. ಮಲ್ಲಿಗೆ! ಅತ್ತೆ ತಾವೇ ಮುಡಿಸಿದರು. ಹಸಿರು ಸೀರೆ. ಸಿದ್ದರಾಮೇಶ್ ಫೋಟೋ ತೆಗೆದು ಯಾರ್ಯಾರಿಗೋ ಕಳಿಸಿದರು. ಭಾನುವಾರ ಬಳ್ಳಾರಿಯವರು ಶ್ರಾವಣದ ಶೀಲ್ಡ್ ಆಡಲು ಬಂದಿದ್ದರು. ಊಟಕ್ಕೆ ಹೋಳಿಗೆ, ಬದನೆಕಾಯಿ ಪಲ್ಯ, ಮಿರ್ಚಿ. ಬಳ್ಳಾರಿಯವರಂತೂ ಮಿರ್ಚಿ ತಿಂದು ತಿಂದು ಎಲೆ ಹಿಡಿದ ಕೈಗೆಲ್ಲ ಎಣ್ಣೆ! ತುಂಬಾ ಮಜಾ ಇತ್ತು.

ಸೋತೆವು, ಇರಲಿ ಬಿಡು. ಕೊನೆಯ ಮೇಜಿನವರೆಗೆ ಸಮಸಮ ಇತ್ತು. ಒಂದೇ ಕೈಯಲ್ಲಿ ಹೋಯಿತು. ನೀನು ಕೇಳುತ್ತೀಯ ಎಂದು ಬರೆಯುತ್ತಿದ್ದೇನೆ.

ನನ್ನದು: ಇಸ್ಪೇಟ್ ಎಕ್ಕ, ರಾಜ, ಗುಲಾಮ, ಒಂಬತ್ತು, ಏಳು, ಆರು. ಆಟೀನ್ ಎಕ್ಕ, ನಾಲ್ಕು. ಡೈಮಂಡ್ ರಾಜ, ರಾಣಿ, ಗುಲಾಮ, ಐದು. ಕಳಾವರ್ ಐದು ಒಂದೇ.

ಮಾವನದು: ಇಸ್ಪೇಟ್ ರಾಣಿ, ಹತ್ತು, ಎಂಟು, ಮೂರು. ಆಟೀನ್ ರಾಜ, ರಾಣಿ, ಏಳು. ಡೈಮಂಡ್ ಹತ್ತು, ಎರಡು. ಕಳಾವರ್ ರಾಜ, ರಾಣಿ, ಗುಲಾಮ, ನಾಲ್ಕು.

ನಾನು ಒಂದು ಇಸ್ಪೇಟ್, ಮಾವ ಮೂರು ಇಸ್ಪೇಟ್. ನಾನು ನಾಲ್ಕು ನೋ ಟ್ರಂಪ್ ಎಂದು ಕೇಳಿದೆ, ಮಾವ ಐದು ಕಳಾವರ್ ಅಂದರು. ನನ್ನ ಕೈಯಲ್ಲೇ ಮೂರು, ಅವರದು ಒಂದು ಎಂದು ಲೆಕ್ಕ ಹಾಕಿ ಆರು ಇಸ್ಪೇಟ್, ಅಂದರೆ ಸ್ಲ್ಯಾಮ್, ಹೇಳಿದೆ. ನೋಡಿದರೆ ಅವರ ಹತ್ತಿರ ಒಂದೂ ಇಲ್ಲ! ಎದುರಾಳಿಗಳು ಕಳಾವರ್ ಎಕ್ಕ, ಡೈಮಂಡ್ ಎಕ್ಕ ಎರಡೂ ಹೊಡೆದುಕೊಂಡರು. ಹನ್ನೊಂದೇ ಬಂತು. ಪಾಪ, ಮಾವ ಐದು ಡೈಮಂಡ್ ಅನ್ನಬೇಕಿತ್ತು. ವಯಸ್ಸು ನೋಡು, ಗೊಂದಲವಾಗಿದೆ. "ಹೌದ್ರಿ, ನಂದ ತಪ್ಪು" ಎಂದು ಎಲ್ಲರ ಮುಂದೆ ಒಪ್ಪಿಕೊಂಡರು. ಎಷ್ಟು ಒಳ್ಳೆಯವರು ಅಲ್ಲವಾ!

ಮುಂದಿನ ತಿಂಗಳು ಹೊಸ ಫ್ರಿಜ್ ಬರುತ್ತದೆ. ಬಣ್ಣ ನಾನೇ ಆರಿಸಿದ್ದು. ಕೆಂಪು!

ಆತುರದಲ್ಲಿರುವ
ಹೇಮ


ಮಡಕಶಿರ
29 ಆಗಸ್ಟ್ 2024

ಹೇಮಾ,

ಎಲೆಗಳನ್ನು ನೀನು ಬರೆದಂತೆಯೇ ಮಂಚದ ಮೇಲೆ ಹರಡಿದೆ. ತೆಗೆದು ಮತ್ತೆ ಹರಡಿದೆ. ಅಮ್ಮ ಊಟಕ್ಕೆ ಕರೆದದ್ದು ಕೇಳಿಸಲಿಲ್ಲ.

ಬೀಗರ ಕೈಯಲ್ಲಿ ಎಕ್ಕವಿಲ್ಲ. ಇಸ್ಪೇಟ್ ರಾಜನೂ ನಿನ್ನ ಹತ್ತಿರವೇ ಇದ್ದಾನೆ. ಅವರು ಐದು ಕಳಾವರ್ ಅಂದಿದ್ದಾರೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ನೀನು ಅವರಿಗೆ ಯಾವ ಪದ್ಧತಿ ಕಲಿಸಿದ್ದೆ?

ಐದು ಇಸ್ಪೇಟಿನಲ್ಲಿ ನಿಂತಿದ್ದರೆ ಅದಕ್ಕೆ ಬೇಕಾದ ಹನ್ನೊಂದು ಸರಿಯಾಗಿ ಬರುತ್ತಿತ್ತು. ಆದರೆ ನಾನು ಕೇಳುತ್ತಿರುವುದು ಆಟದ ಮಾತಲ್ಲ. ಅಮ್ಮನಿಗೆ ಈ ಸಲ ಕಾಗದವನ್ನು ಅರ್ಧ ಮಾತ್ರ ಓದಿದೆ, ಮಲ್ಲಿಗೆ ಮತ್ತು ಫ್ರಿಜ್ಜಿನ ತನಕ.

ಉತ್ತರಕ್ಕೆ ಅವಸರವಿಲ್ಲ.
ಅಪ್ಪ


ರಾಯದುರ್ಗ
6 ಅಕ್ಟೋಬರ್ 2024

ಅಪ್ಪಾ,

ಇದನ್ನು ಅಮ್ಮನಿಗೆ ಓದಬೇಡ.

ನಿನ್ನ ಕಾಗದ ಬಂದಾಗಿನಿಂದ ಸೀರೆಗಳ ಕೆಳಗಿಟ್ಟಿದ್ದೆ. ಫೋನಿನಲ್ಲಿ ಅಮ್ಮ "ಅಪ್ಪ ಏನೋ ಕೇಳಿದ್ರಂತಲ್ಲ" ಅಂದಾಗಲೆಲ್ಲ ಒಲೆ ಮೇಲೆ ಹಾಲಿದೆ ಎಂದು ಇಟ್ಟುಬಿಡುತ್ತಿದ್ದೆ. ಅಷ್ಟು ಹಾಲು ಯಾವ ಮನೆಯಲ್ಲೂ ಉಕ್ಕುವುದಿಲ್ಲ.

ಯಾವ ಪದ್ಧತಿ ಎಂದು ನಿನಗೆ ಗೊತ್ತು. ನಾನೇ ಬರೆದಿದ್ದೆ. ಮಾವ ತಪ್ಪಲಿಲ್ಲ. ಮರೆತವಳು ನಾನು. ಕಾಲೇಜಿನದು ತಲೆಯಲ್ಲಿ ಬಂದು ಕೂತಿತು. ಆರು ಇಸ್ಪೇಟ್ ಆಡಬೇಕೆಂಬ ಆಸೆ ಎಷ್ಟಿತ್ತೆಂದರೆ, ಒಂದು ಎಕ್ಕ ಬೇಕಿತ್ತು, ಒಂದು ಇದೆ ಎಂದು ಕೇಳಿಸಿಕೊಂಡೆ.

ಅಷ್ಟೇ ಆಗಿದ್ದರೆ ನಿನಗೆ ಮಾರನೆಯ ದಿನವೇ ನಗುತ್ತಾ ಬರೆಯುತ್ತಿದ್ದೆ. ನಾನು ನಿನಗೆ ಬರೆಯದೆ ಬಿಟ್ಟದ್ದನ್ನು ಈಗ ಬರೆಯುತ್ತೇನೆ.

ಮಾವ ಐದು ಕಳಾವರ್ ಅಂದಾಗ ಬಳ್ಳಾರಿಯವರು ಅದರ ಅರ್ಥ ಕೇಳಿದರು. ಜೋಡಿಯ ಬಿಡ್‌ನ ಅರ್ಥವನ್ನು ಹೇಳಬೇಕಾದವಳು ನಾನು. "ಒಂದು ಅಥವಾ ನಾಲ್ಕು" ಅಂದೆ. ಮಾವ ಎಲೆಗಳಿಂದ ಕಣ್ಣೆತ್ತಲಿಲ್ಲ. ಬಿಡ್ ನಡೆಯುವಾಗ ಮುಖದಲ್ಲೂ ಏನೂ ತೋರಿಸಬಾರದಲ್ಲ, ತೋರಿಸಲಿಲ್ಲ. ಎಲ್ಲರೂ ಪಾಸ್ ಎಂದ ಮೇಲೆ, ಮೊದಲ ಎಲೆ ಬೀಳುವುದಕ್ಕೆ ಮುಂಚೆ ಕೈ ಎತ್ತಿದರು. "ತಡೀರಿ. ನಿಯಮ ಐತಿ, ಈಗ ಹೇಳಬೇಕು. ನಮ್ಮ ಹುಡುಗಿ ಹೇಳಿದ್ದು ನಮ್ಮ ಒಪ್ಪಂದ ಅಲ್ಲ. ಸೊನ್ನೆ, ಇಲ್ಲಾ ಮೂರು." ನಾನು ನಕ್ಕೆ ಅಪ್ಪಾ. "ಇಲ್ಲ ಮಾವ, ನೀವು ಮರೆತಿದ್ದೀರಿ" ಅಂದೆ. ಆಗ ನನಗೆ ನಿಜವಾಗಿಯೂ ಹಾಗೆಯೇ ಅನ್ನಿಸಿತ್ತು. ಇಲ್ಲಿಯವರೆಗೆ ನಾನು ಬರೀ ದಡ್ಡಿ.

ಆಮೇಲೆ ಆಟದ ನಿಯಮದಂತೆ ಮಾವ ತಮ್ಮ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟರು. ಎಕ್ಕ ಇಲ್ಲ. ಅದೇ ಕ್ಷಣ ನನಗೆ ಎಲ್ಲ ನೆನಪಾಯಿತು. ಜಗುಲಿ, ಟೀ, ಮೊಳಗೋಲು ಹಿಡಿದು ಅವರು ಬಾಯಿಪಾಠ ಮಾಡುತ್ತಿದ್ದದ್ದು. ನೆನಪಾಯಿತು, ಮತ್ತು ನಾನು ಇನ್ನೂ ಜೋರಾಗಿ, "ಮಾವಾ! ಇದಕ್ಕೆ ಐದು ಡೈಮಂಡ್ ಅನ್ನಬೇಕಿತ್ತಲ್ಲ! ಹೌ ಕುಡ್ ಯು ಫರ್ಗೆಟ್?" ಅಂದೆ. ಇಂಗ್ಲಿಷಿನಲ್ಲಿ. ಇಡೀ ಹಾಲ್ ತಿರುಗಿ ನೋಡಿತು.

ಅವರು ನನ್ನ ಮುಖ ನೋಡಿದರು. ನನಗೆ ಗೊತ್ತಾಗಿದೆ ಎಂಬುದು ಅವರಿಗೆ ಗೊತ್ತಾಯಿತು. ಆಮೇಲೆ ತಿಪ್ಪೇಶಪ್ಪನವರ ಕಡೆ ತಿರುಗಿ, "ಹೌದ್ರಿ, ನಂದ ತಪ್ಪು. ವಯಸ್ಸಾತು, ತಲ್ಯಾಗ ನಿಲ್ಲವಲ್ದು" ಅಂದರು.

ನಾನು ಸುಮ್ಮನಿದ್ದೆ. ನಿನಗೆ ಕಾಗದ ಬರೆಯುವಾಗ ಸುಮ್ಮನೂ ಇರಲಿಲ್ಲ, ಅವರ ವಯಸ್ಸಿನ ಮೇಲೆ ಹಾಕಿದೆ.

ಅನಂತಪುರದ ಪಂದ್ಯಕ್ಕೆ ಹೋಗುವ ತಂಡದಿಂದ ಮಾವನನ್ನು ತೆಗೆದರು. ರಮ್ಮಿ ಆಡುವವರು, "ಸಣ್ಣಬಸಪ್ಪಣ್ಣ, ಇವತ್ತು ಯಾವ ವಾರ ಹೇಳ್ರಿ ನೋಡೋಣ" ಎಂದು ತಮಾಷೆ ಮಾಡುತ್ತಾರಂತೆ. ಮಾವ ಮೊಣಕಾಲು ನೋವೆಂದು ಕ್ಲಬ್ಬಿಗೆ ಹೋಗುವುದನ್ನೇ ಬಿಟ್ಟರು. ಮಾತು ಕ್ಲಬ್ಬಿನಲ್ಲಿ ನಿಲ್ಲಲಿಲ್ಲ. ಅತ್ತೆ ಡಾಕ್ಟರ ಹತ್ತಿರ ಮರೆವಿನ ಮಾತ್ರೆ ಕೇಳಿಕೊಂಡು ಬಂದರು. ಕಳೆದ ವಾರ ಸಿದ್ದರಾಮೇಶ್, "ಅಪ್ಪಾ, ಅಂಗಡಿ ಬೀಗದ ಕೈ ಇನ್ನ ಮ್ಯಾಲೆ ನನ್ನ ಹತ್ರ ಇರ್ಲಿ ಬಿಡ್ರಿ, ನಿಮಗ ಯಾಕ ತಾಪತ್ರಯ" ಅಂದರು. ಪ್ರೀತಿಯಿಂದಲೇ ಅಂದರು. ಮಾವ ಉಡಿದಾರದಿಂದ ಬಿಚ್ಚಿ ಕೊಟ್ಟರು. ಗಂಟು ಬಿಗಿಯಾಗಿತ್ತು, ಬೇಗ ಬಿಚ್ಚಲಿಲ್ಲ. ನಾನು ಪಕ್ಕದಲ್ಲೇ ಚಪಾತಿ ಬಡಿಸುತ್ತಾ ನಿಂತಿದ್ದೆ.

ಅವತ್ತು ಸಂಜೆ ಮಾವನ ಹತ್ತಿರ ಹೋಗಿ ಎಲ್ಲರಿಗೂ ಹೇಳಿಬಿಡುತ್ತೇನೆ ಅಂದೆ.

"ಹೇಳಿದ್ರ ಏನಾಗತೈತಿ ಗೊತ್ತೈತೇನವ್ವ?" ಅಂದರು. "ನನ್ನ ತಲಿ ಹೋತು ಅಂತಾರ, ಅಂದ್ಕಳ್ಲಿ. ನಿಂದು ತಪ್ಪು ಅಂತ ಗೊತ್ತಾದ್ರ, ಹೆಣ್ಣುಮಕ್ಕಳನ್ನ ಕುಂದ್ರಿಸಿದ್ಕ ಹಿಂಗಾತು ಅಂತ ಆ ಕುರ್ಚಿ ತೆಗದು ಹೊರಗ ಇಡ್ತಾರ. ಕಾಲೇಜಿನ ರೇಖಾ ಮೇಡಂ ನಾನೂ ಬರ್ತೀನಿ ಅಂತ ಕೇಳ್ಯಾಳ. ಅಕಿಗೂ ಬಾಗಲು ಹಾಕ್ತಾರ. ಸುಮ್ನಿರು."

ಅಪ್ಪಾ, ಅವರು ಸುಮ್ಮನಿರು ಅಂದಾಗ ನನಗೆ ದುಃಖವಾಗಬೇಕಿತ್ತು. ಹಗುರವಾಯಿತು. ಬದುಕಿಕೊಂಡೆ ಅನ್ನಿಸಿತು. ಎಲ್ಲಕ್ಕಿಂತ ನನಗೆ ಹೇಸಿಗೆಯಾಗುವುದು ಅದಕ್ಕೇ.

ಏನೆಂದು ಸಹಿ ಹಾಕಲಿ ತಿಳಿಯುತ್ತಿಲ್ಲ
ಹೇಮ


ಮಡಕಶಿರ
16 ಅಕ್ಟೋಬರ್ 2024

ಮಗಳೇ,

ಅಮ್ಮನಿಗೆ ಓದಿಲ್ಲ. ಹಬ್ಬಕ್ಕೆ ನೀನು ಬಾರದ್ದಕ್ಕೆ ಅವಳೇ ಏನೋ ಸಿಹಿಸುದ್ದಿಯ ಕಾರಣ ಕಟ್ಟಿಕೊಂಡು ಕೊಬ್ಬರಿ ತುರಿಯುತ್ತಾ ನಗುತ್ತಿದ್ದಾಳೆ. ಇರಲಿ.

ಮಗಳ ಪರವಾಗಿ ಕ್ಷಮೆ ಕೇಳಿ ಬೀಗರಿಗೆ ಬರೆಯಲು ಕೂತೆ. ಎರಡು ಸಾಲು ಬರೆದು ಹರಿದೆ. ಅದು ನನ್ನ ಕೆಲಸವಲ್ಲ.

ನಿನ್ನ ಕಾಗದ ಓದಿ ನನ್ನ ತಲೆಯೂ ತಗ್ಗಿತು. ಎಕ್ಕ ಎಣಿಸುವುದು ಕಲಿಸಿದೆ. ಕೈ ಸೋತಾಗ ಎದುರಿಗೆ ಕೂತವರನ್ನು ಹೇಗೆ ನೋಡಬೇಕು ಎಂದು ಕಲಿಸಲಿಲ್ಲ. ಚಿಕ್ಕವಳಿದ್ದಾಗ ನೀನು ತಪ್ಪು ಎಲೆ ಹಾಕಿದಾಗಲೆಲ್ಲ "ನನ್ನದೇ ತಪ್ಪು ಕೂಸೇ" ಅನ್ನುತ್ತಿದ್ದೆ. ನಿನ್ನ ಮುಖ ಬಾಡುವುದನ್ನು ನೋಡಲಾಗುತ್ತಿರಲಿಲ್ಲ. ಎದುರಿಗೆ ಕೂತವರು ತಪ್ಪನ್ನು ಹೊತ್ತುಕೊಳ್ಳುವುದು ನಿನಗೆ ಅಭ್ಯಾಸವಾಗಿಹೋಯಿತು.

ನೀನು ನನಗೆ ಹೇಳಿದೆ. ನಾನು ಆ ಮೇಜಿನಲ್ಲಿ ಇರಲಿಲ್ಲ.

ಅಪ್ಪ


ರಾಯದುರ್ಗ
18 ನವೆಂಬರ್ 2024

ಅಪ್ಪಾ,

ಹೇಳಿದೆ.

ಮೊದಲು ಸಿದ್ದರಾಮೇಶ್ ಅವರಿಗೆ. ಶೆಡ್ಡಿನಲ್ಲಿ ಮಷೀನುಗಳ ಸದ್ದಿನ ನಡುವೆ ಹೇಳಿದ್ದರಿಂದ ಎರಡು ಸಲ ಹೇಳಬೇಕಾಯಿತು. ಎರಡನೆಯ ಸಲ ಇವರು ಮಷೀನು ನಿಲ್ಲಿಸಿ ಕೇಳಿದರು. ಮದುವೆಯಾದ ಮೇಲೆ ಮೊದಲ ಸಲ ನನ್ನ ಕಡೆ ನಗದೆ ನೋಡಿದರು. ಅಂಗಡಿಗೆ ಹೋಗಿ ಬೀಗದ ಕೈಯನ್ನು ಮಾವನ ಮುಂದೆ ಇಟ್ಟು ಬಂದರು. ಅತ್ತೆ ಮಾತ್ರೆಯ ಡಬ್ಬಿ ಎತ್ತಿ ಕಸಕ್ಕೆ ಹಾಕಿ, "ಎರಡ್ ತಿಂಗಳು ನನ್ ಕೈಲಿ ಅವರಿಗೆ ಮಾತ್ರಿ ನುಂಗಿಸಿದೆಲ್ಲ ನಮ್ಮವ್ವಾ" ಅಂದರು. ಅಷ್ಟೇ ಅಂದರು.

ನವೆಂಬರ್ ಮೂರರ ಭಾನುವಾರ ಒಬ್ಬಳೇ ಕ್ಲಬ್ಬಿಗೆ ಹೋದೆ. ಇಂಗ್ಲಿಷಿನಲ್ಲಿ ಹೇಳಿದರೆ ನಾಚಿಕೆ ಕಡಿಮೆಯಾಗುತ್ತದೆ ಎಂದು ಮನೆಯಲ್ಲಿ ಇಂಗ್ಲಿಷಿನಲ್ಲೇ ತಯಾರಿ ಮಾಡಿಕೊಂಡಿದ್ದೆ. ಅಲ್ಲಿ ನಿಂತಾಗ, ಅವರನ್ನು ಬೈದದ್ದೂ ಅದೇ ಭಾಷೆಯಲ್ಲಿ ಎಂದು ಬೇಡವೆನಿಸಿತು. ಕನ್ನಡದಲ್ಲೇ ಹೇಳಿದೆ. ಮಾವ ಸರಿಯಾದ ಉತ್ತರ ಕೊಟ್ಟಿದ್ದರು, ಅರ್ಥ ತಪ್ಪು ಹೇಳಿದವಳು ನಾನು, ಗೊತ್ತಾದ ಮೇಲೂ ಅವರ ಮೇಲೆ ಹಾಕಿದವಳೂ ನಾನು ಎಂದು.

ತಿಪ್ಪೇಶಪ್ಪನವರು ಕನ್ನಡಕ ತೆಗೆದರು. "ಅಂದ್ರ ಸಣ್ಣಬಸಪ್ಪಣ್ಣ ಸುಳ್ಳು ಹೇಳಿದ್ನೇನವ್ವ?"

"ನನ್ನ ಮಾನ ಉಳಿಸೋದಕ್ಕೆ."

"ಹೂಂ. ಉಳೀತಲ್ಲ, ಈಗ ನೋಡು" ಅಂದರು. ರಮ್ಮಿಯ ಮೇಜಿನಿಂದ ಯಾರೋ, "ಅದಕ್ಕ ಹೇಳಿದ್ವಿ, ಅಡಿಗಿಮನಿ ಬ್ಯಾರೆ, ಕ್ಲಬ್ ಬ್ಯಾರೆ" ಅಂದರು. ನಕ್ಕರು. ಮಾವ ಹೇಳಿದಂತೆಯೇ ಆಯಿತು. ಮಾವನನ್ನು ಬೇರೆ ಜೋಡಿಯ ಜೊತೆ ತಂಡಕ್ಕೆ ವಾಪಸ್ ತೆಗೆದುಕೊಳ್ಳುತ್ತಾರಂತೆ. ನನಗೆ "ಸ್ವಲ್ಪ ದಿನ ಬರೋದು ಬ್ಯಾಡ" ಎಂಬ ಅಪ್ಪಣೆ. ರೇಖಾ ಮೇಡಂ ವಿಷಯ ಆಮೇಲೆ ನೋಡೋಣ ಅಂದರು.

ಮನೆಗೆ ಬಂದು ಮಾವನಿಗೆ ಹೇಳಿದೆ. ನಿಜ ಹೇಳುತ್ತೇನೆ ಅಪ್ಪಾ, ಒಳಗೊಳಗೇ ಅವರು ತಲೆ ಸವರಿ ಮೆಚ್ಚುತ್ತಾರೆ ಅಂದುಕೊಂಡಿದ್ದೆ.

ಅವರು ಬೀದಿಯ ಕಡೆ ತಿರುಗಿದರು. "ಮತ್ತ ನೀ ಒಬ್ಬಾಕಿನ ಹೇಳಿ ಬಂದಿ" ಅಂದರು. "ಅವತ್ತು ಆರು ಅಂದಾಗ ನನ್ನ ಮಾತು ನೀ ಕಿವಿಮ್ಯಾಲೆ ಹಾಕ್ಕಳ್ಳಿಲ್ಲ. ಇವತ್ತೂ ಕೇಳ್ಳಿಲ್ಲ. ಸುಮ್ನಿರು ಅಂದಿದ್ದೆ. ನಿನಗ ಸುಮ್ನಿರಾಕ ಆಗ್ಲಿಲ್ಲಂದ್ರ ನನ್ನ ಹತ್ರ ಬಂದು ಹೇಳಬೇಕಿತ್ತು, ಇಬ್ರೂ ಕೂಡಿ ಹೋಗ್ತಿದ್ವಿ. ಇದು ಜೋಡಿ ಆಟ ಐತವ್ವ."

ತಪ್ಪನ್ನು ತಿದ್ದಲು ಹೋಗಿ ಅದೇ ತಪ್ಪನ್ನು ಮತ್ತೆ ಮಾಡಿದ್ದೆ. ನನ್ನ ಎದೆಯ ಭಾರ ಇಳಿಸಿಕೊಳ್ಳುವ ಅವಸರದಲ್ಲಿ, ಅವರು ತಮ್ಮ ಹೆಸರನ್ನೇ ಒತ್ತೆಯಿಟ್ಟು ಉಳಿಸಿದ್ದ ಕುರ್ಚಿಯನ್ನು ಅವರನ್ನೊಂದು ಮಾತು ಕೇಳದೆ ಕೊಟ್ಟುಬಂದಿದ್ದೆ. ಆಮೇಲೆ ಅವರು ನನ್ನ ಜೊತೆ ಮಾತಾಡಲಿಲ್ಲ. ಸಿಟ್ಟಿನಿಂದಲ್ಲ. ಟೀ ತೆಗೆದುಕೊಳ್ಳುತ್ತಿದ್ದರು, ಲೋಟ ಕೆಳಗಿಡುತ್ತಿದ್ದರು, ಅಷ್ಟೇ. ಅನಂತಪುರದ ತಂಡಕ್ಕೆ ಮಾತ್ರ ಬರುವುದಿಲ್ಲ ಎಂದು ಹೇಳಿ ಕಳಿಸಿದರು.

ನಿನ್ನೆ ಭಾನುವಾರ. ಮಧ್ಯಾಹ್ನದ ಊಟವಾದ ಮೇಲೆ ಮಾವ ಬಿಳಿ ಅಂಗಿ ಹಾಕಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು.

"ಕ್ಲಬ್ಬಿಗೆ ಹೊಂಟೀನಿ. ಬರ್ತಿಯೇನು?"

"ಬರಬೇಡ ಅಂದಿದ್ದಾರಲ್ಲ ಮಾವ."

"ಅಂದಾರ. ಕುರ್ಚಿ ಇನ್ನಾ ತೆಗದಿಲ್ಲ, ನಾ ನೋಡಿ ಬಂದೀನಿ. ಎಲ್ಲಾರು ನಿನ್ನ ಮಾರಿ ನೋಡ್ತಾರ, ಅದೂ ಖರೆ. ನಾ ಕೇಳಾಕತ್ತೀನವ್ವ, ಹುಕುಂ ಮಾಡವಲ್ಲೆ. ಬರಲ್ಲ ಅಂದ್ರೂ ನಡೀತೈತಿ. ಯೋಚ್ನಿ ಮಾಡಿ ಹೇಳು."

ನಾನು ಯೋಚಿಸಿದೆ ಅಪ್ಪಾ. ಜೀವನದಲ್ಲಿ ಮೊದಲ ಸಲ ಇರಬೇಕು, ಬಾಯಿ ತೆರೆಯುವ ಮುಂಚೆ ಯೋಚಿಸಿದ್ದು. ಅವರು ಬಾಗಿಲಲ್ಲಿ ಕಾದರು. ಬರುತ್ತೇನೆ ಅಂದೆ. ಅತ್ತೆ ಟವೆಲ್ ಕೊಟ್ಟು, "ಮಾರಿ ತೊಳ್ಕಂಡು ಹೋಗು. ಅತ್ತಿದ್ದು ಕಾಣಬಾರ್ದು ಅವರಿಗೆ" ಅಂದರು.

ನಾವು ಒಳಗೆ ಹೋದಾಗ ಮಾತುಗಳು ಒಂದೊಂದಾಗಿ ನಿಂತವು. ತಿಪ್ಪೇಶಪ್ಪನವರು ಎದ್ದರು, ಮಾವನನ್ನು ನೋಡಿ ಮತ್ತೆ ಕೂತರು. ಕಿಟಕಿ ಪಕ್ಕದ ಮೇಜಿಗೆ ಹೋಗಿ ಮಾವ ಒಂದು ಕಡೆ ಕೂತರು, ನಾನು ಎದುರಿಗೆ. ನಮ್ಮಿಬ್ಬರ ಎಡಬಲದ ಕುರ್ಚಿಗಳಿಗೆ ಯಾರೂ ಬರಲಿಲ್ಲ. ಟೀ ಬಂತು, ಎರಡೇ ಲೋಟ. ಎಲ್ಲಿ ನೋಡಬೇಕೆಂದು ತಿಳಿಯದೆ ಮೇಜಿನ ಹಸಿರು ಬಟ್ಟೆಯನ್ನು ನೋಡುತ್ತಾ ಕೂತೆ. ಎದ್ದು ಹೋಗೋಣ ಎಂದು ಅವರು ಹೇಳಿದರೆ ಸಾಕು ಎಂದು ಬೇಡಿಕೊಳ್ಳುತ್ತಿದ್ದೆ.

ಮಾವ ಎಲೆ ಕಲಸಿದರು. ನನ್ನ ಕೈಯಿಂದ ಕಟ್ ಮಾಡಿಸಿ, ನಾಲ್ಕೂ ಕಡೆಗೆ ಹಂಚಿದರು. ಖಾಲಿ ಕುರ್ಚಿಗಳ ಮುಂದೆಯೂ ಎಲೆಗಳು ಬಿದ್ದವು. ತಮ್ಮ ಕೈಯನ್ನು ಜೋಡಿಸಿಕೊಂಡು, ಹಾಲಿನ ಆ ತುದಿಗೂ ಕೇಳುವಂತೆ "ಒಂದು ಆಟೀನ್" ಅಂದರು. ಎಡಗಡೆಯ ಖಾಲಿ ಕುರ್ಚಿಯತ್ತ ತಿರುಗಿ, ಅಲ್ಲಿ ಒಬ್ಬರು ಕೂತು ಯೋಚಿಸುತ್ತಿದ್ದರೆ ಎಷ್ಟು ಹೊತ್ತು ಕೊಡುತ್ತಿದ್ದರೋ ಅಷ್ಟು ಹೊತ್ತು ಕೊಟ್ಟರು. ಆಮೇಲೆ ನನ್ನ ಕಡೆ ನೋಡಿದರು.

ನನ್ನ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಮೂರು ಸಣ್ಣ ಆಟೀನ್, ಒಬ್ಬ ರಾಜ, ಒಬ್ಬ ರಾಣಿ. ಇಷ್ಟೇ ಇದೆ, ಆದರೆ ನಿಮ್ಮ ಬಣ್ಣಕ್ಕೆ ನಾನಿದ್ದೇನೆ ಎಂದು ಹೇಳುವ ಬಿಡ್ ಒಂದೇ.

"ಎರಡು ಆಟೀನ್" ಅಂದೆ. ಆ ತುದಿಗೂ ಕೇಳಿಸಿತು.

ಈ ಕಾಗದವನ್ನು ಅಮ್ಮನಿಗೆ ಪೂರ್ತಿ ಓದು.

ನಿನ್ನ ಮಗಳು
ಹೇಮಶ್ರೀ